ಹೊಟ್ಟೆಗೆ ಒಗ್ಗಿದ್ದು ಎದೆಗೂ ಒಗ್ಗುತ್ತಾ?

ಇ-ಸಿಗರೇಟ್ ಸೇದುವವರನ್ನ ಕೇಳಿ ನೋಡಿ. ‘ಇದರಲ್ಲಿ ಹೊಗೆ ಇಲ್ಲ, ಬರೀ ಆವಿ’ ಅಂತಾರೆ. ಯಾವುದರ ಆವಿ? ಅಲ್ಲಿಗೆ ಮಾತು ನಿಲ್ಲುತ್ತೆ.

ಅದರೊಳಗಿನ ದ್ರವದಲ್ಲಿ ಮುಖ್ಯವಾಗಿ ಇರೋದು ನಾಲ್ಕು: ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್, ನಿಕೋಟಿನ್ ಮತ್ತು ಫ್ಲೇವರ್. ಇವುಗಳ ಜಾತಕ ಬಿಚ್ಚಿದರೆ ಒಂದು ಸತ್ಯ ಗೊತ್ತಾಗುತ್ತೆ. ಯಾವುದೂ ಶ್ವಾಸಕೋಶಕ್ಕೆ ಅಂತ ಹುಟ್ಟಿದ್ದಲ್ಲ.

ಗ್ಲಿಸರಿನ್ ಅನ್ನು 1779ರಲ್ಲಿ ಕಂಡುಹಿಡಿದವನು ಸ್ವೀಡನ್ನಿನ ಷೀಲೆ. ಅದು ಸೋಪಿಗೆ, ಕೇಕಿಗೆ, ಕೆಮ್ಮಿನ ಸಿರಪ್ಪಿಗೆ ಹೋಯಿತು. ಪ್ರೊಪಿಲೀನ್ ಗ್ಲೈಕಾಲ್ ಕೂಡ ಆಹಾರಕ್ಕೆ, ಔಷಧಕ್ಕೆ ಬಳಕೆಯಾಯಿತು. ನಿಕೋಟಿನ್ ಅನ್ನು 1828ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ತಂಬಾಕಿನಿಂದ ಬೇರ್ಪಡಿಸಿದರು. ಮುಂದೆ ಅದೇ ನಿಕೋಟಿನ್ ಬೆಳೆಗೆ ಹೊಡೆಯುವ ಕೀಟನಾಶಕವೂ ಆಯಿತು! 2003ರ ಹೊತ್ತಿಗೆ ಚೀನಾದ ಔಷಧತಜ್ಞ ಹೊನ್ ಲಿಕ್ ನಿಕೋಟಿನ್ ದ್ರವವನ್ನು ಆವಿ ಮಾಡುವ ಯಂತ್ರ ಕಟ್ಟಿದ. ಇಂದಿನ ಇ-ಸಿಗರೇಟ್ ಬಂದಿದ್ದು ಹೀಗೆ.

ಇನ್ನು ಫ್ಲೇವರ್. ಅಮೆರಿಕದಲ್ಲಿ ಇವಕ್ಕೆ ಸಿಕ್ಕ ‘ಸುರಕ್ಷಿತ’ ಅನ್ನೋ ಮುದ್ರೆ ತಿನ್ನೋದಕ್ಕೆ ಮಾತ್ರ. ಉಸಿರಿಗಲ್ಲ. ಬೆಣ್ಣೆಯ ಘಮ ಕೊಡುವ ಡೈಅಸಿಟೈಲ್ ಅನ್ನೇ ನೋಡಿ. 2000ನೇ ಇಸವಿಯಲ್ಲಿ ಅಮೆರಿಕದ ಮಿಸೌರಿಯಲ್ಲಿ, ಒಂದೇ ಪಾಪ್‌ಕಾರ್ನ್ ಕಾರ್ಖಾನೆಯಲ್ಲಿ ದುಡಿದಿದ್ದ ಎಂಟು ಜನರಿಗೆ ಅಪರೂಪದ ಶ್ವಾಸಕೋಶದ ಕಾಯಿಲೆ ಇರುವುದು ಬೆಳಕಿಗೆ ಬಂತು. ಅವರು ಅದನ್ನ ತಿಂದು ಕಾಯಿಲೆ ಬೀಳಲಿಲ್ಲ, ಬಿಸಿ ಬೆಣ್ಣೆ ಫ್ಲೇವರಿನ ಆವಿ ಕುಡಿದು ಬಿದ್ದರು. ಇಷ್ಟು ಗೊತ್ತಾದ ಮೇಲಾದರೂ ಬುದ್ಧಿ ಬಂತಾ? 2015ರಲ್ಲಿ ಹಾರ್ವರ್ಡ್ ವಿಜ್ಞಾನಿಗಳು 51 ಬಗೆಯ ಇ-ಸಿಗರೇಟ್ ಫ್ಲೇವರ್ ಪರೀಕ್ಷಿಸಿದರು. 39ರಲ್ಲಿ ಅದೇ ಡೈಅಸಿಟೈಲ್!

2019ರಲ್ಲಿ ಇನ್ನೊಂದು ಪೆಟ್ಟು. ಗಾಂಜಾ ಸಾರದ ದ್ರವವನ್ನು ಗಟ್ಟಿ ಮಾಡಲು ಕಾಳಸಂತೆಯವರು ವಿಟಮಿನ್ ಇ ಅಸಿಟೇಟ್ ಬೆರೆಸಿದ್ದರು. ಮುಖಕ್ಕೆ ಹಚ್ಚುವ ಕ್ರೀಮಿನಲ್ಲಿ ಇರೋ ವಸ್ತು ಅದು. 2020ರ ಫೆಬ್ರವರಿ ಹೊತ್ತಿಗೆ ಅಮೆರಿಕದಲ್ಲಿ 2,807 ಪ್ರಕರಣ, 68 ಸಾವು. ಈ ದುರಂತದ ಹಿಂದೆ ಮುಖ್ಯವಾಗಿ ಕಂಡಿದ್ದು ಅದೇ ಅಸಿಟೇಟ್.

ಕಾರಣ ಸರಳ. ತಿಂದದ್ದಕ್ಕೆ ಹೊಟ್ಟೆಯಲ್ಲಿ ಆಮ್ಲ ಇದೆ, ಆಮೇಲೆ ಲಿವರ್ ಅನ್ನೋ ಕಾವಲುಗಾರ ಇದ್ದಾನೆ. ಎದೆಗೆ ಎಳೆದದ್ದು ಲಿವರಿನ ಬಾಗಿಲು ತಟ್ಟದೆ ನೇರ ರಕ್ತಕ್ಕಿಳಿಯುತ್ತೆ.

ಕರ್ನಾಟಕ 2016ರಲ್ಲೇ ಇ-ಸಿಗರೇಟ್ ಮಾರಾಟ ನಿಷೇಧಿಸಿತು. 2019ರ ಸೆಪ್ಟೆಂಬರಿನಲ್ಲಿ ಕೇಂದ್ರದ ಸುಗ್ರೀವಾಜ್ಞೆ ಬಂತು, ಡಿಸೆಂಬರಿಗೆ ಕಾಯ್ದೆಯೂ ಆಯಿತು. ಮಾಲು ಮಾತ್ರ ಕದ್ದು ಬರ್ತಾನೇ ಇದೆ. ಕದ್ದು ಬಂದ ಸೀಸೆಯ ಮೇಲೆ ಏನೇ ಬರೆದಿರಲಿ, ಒಳಗಿರೋದು ಅದೇ ಅನ್ನೋದಕ್ಕೆ ಜಾಮೀನು ಯಾರು?

ಬೀಡಿ, ಸಿಗರೇಟಾದರೆ ಬಾಯಿ ವಾಸನೆಯಲ್ಲೇ ಮಗ ಸಿಕ್ಕಿಬೀಳ್ತಿದ್ದ. ಇದು ಹಣ್ಣಿನ ವಾಸನೆ. ಮಾವಿನ ಕಾಲವಲ್ಲದ ಕಾಲದಲ್ಲಿ ಮಗನ ಕೋಣೆಯಿಂದ ಮಾವು ಘಮ್ಮೆಂದರೆ, ಬೈಯೋಕೆ ಮುಂಚೆ ಪಕ್ಕದಲ್ಲಿ ಕೂರಿಸಿಕೊಂಡು ಆ ಎಂಟು ಕಾರ್ಮಿಕರ ಕತೆ ಹೇಳಿ.