ಕಂದಾಯದ ತಪ್ಪು ತಿದ್ದಿದ ಬಗೆ

ಹುಬ್ಬಳ್ಳಿ-ಧಾರವಾಡದ ಸುತ್ತಿನ ಹಳ್ಳಿಗಳಲ್ಲಿ ನಿಮ್ಮದೊಂದು ಹೊಲವಿದ್ದರೆ ಅದರ ಉತಾರವನ್ನೊಮ್ಮೆ ತೆಗೆದು ನೋಡಿರಿ. ಸರ್ವೆ ನಂಬರು, ಎಕರೆ, ಗುಂಟೆ, ಆಕಾರ: ಈ ಮಾತುಗಳ ಹಿಂದೆ ಸರಕಾರವೊಂದು ತಪ್ಪು ಮಾಡಿ ತಿದ್ದಿಕೊಂಡ ಕಥೆಯಿದೆ.

1818ರಲ್ಲಿ ಪೇಶವೆಯರ ಆಳಿಕೆ ಮುಗಿದು ದೇಶ ಇಂಗ್ಲಿಷರ ಕೈಸೇರಿತು. ಮುಂಬಯಿ ಇಲಾಖೆಯಲ್ಲಿ ಪ್ರಿಂಗಲ್ ಎಂಬ ಅಧಿಕಾರಿ ಹೊಸ ಮೋಜಣಿ ನಡೆಸಿದನು. ಹೊಲದ ಬೆಳೆಯ ಬೆಲೆಯಲ್ಲಿ ಸಾಗುವಳಿಯ ಖರ್ಚು ಕಳೆದು, ಉಳಿದುದರಲ್ಲಿ ನೂರಕ್ಕೆ 55 ಪಾಲು ಸರಕಾರಕ್ಕೆಂದು ಅವನ ಲೆಕ್ಕ. ಕಾಗದದ ಮೇಲೆ ಅದು ಅಂದವಾಗಿಯೇ ಇತ್ತು. ಆದರೆ ಅಳತೆ ತಪ್ಪಿತ್ತು, ಬೆಳೆಯ ಅಂದಾಜು ಹುಸಿಯಾಗಿತ್ತು. ಧಾನ್ಯದ ಧಾರಣೆಯೂ ಇಳಿಯಿತು. ಪುಣೆ ಜಿಲ್ಲೆಯ ಇಂದಾಪುರದಲ್ಲಿ ಪಟ್ಟಿ ತೆರಲಾರದೆ ರೈತರು ಹೊಲಗಳನ್ನೇ ಬಿಟ್ಟರು.

1835ರಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಅಲ್ಲಿಯೇ ತಿದ್ದುಪಡಿಗೆ ಕೈಯಿಟ್ಟರು. ಮುಂದೆ ವಿಂಗೇಟನು ನಮ್ಮ ಧಾರವಾಡ ಸೀಮೆಯಲ್ಲಿಯೂ ಮೋಜಣಿಯ ಹೊಣೆ ಹೊತ್ತನು. 33 ಅಡಿ ಉದ್ದಗಲದ ನೆಲವೇ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಹೊಲದಲ್ಲಿ ಅಗೆದು, ಮಣ್ಣು ಎಷ್ಟು ಆಳವಿದೆ, ಎರೆಯೋ ಮರಳೋ ಎಂದು ನೋಡಿ ಆಣೆಗಳಲ್ಲಿ ದರ್ಜೆ ಕಟ್ಟಿದರು. ಮಳೆ, ಪೇಟೆಯ ದೂರ, ಹಿಂದಿನ ವರ್ಷಗಳ ವಸೂಲಿ ಇವನ್ನೆಲ್ಲ ತೂಗಿ ಊರುಗಳ ದರ ಗೊತ್ತುಮಾಡಿದರು. ಕೆಳಗಿನವರ ಕೆಲಸದಲ್ಲಿ ಒಂದು ಪಾಲನ್ನು ಮೇಲಧಿಕಾರಿ ತಾನೇ ಪರೀಕ್ಷಿಸಬೇಕೆಂಬ ನಿಯಮವೂ ಬಂದಿತು. ದರ 30 ವರ್ಷ ಕದಲದು; ಅಷ್ಟರಲ್ಲಿ ರೈತ ಬಾವಿ ತೋಡಿದರೆ ಅದಕ್ಕಾಗಿ ಪಟ್ಟಿ ಏರದು. ಈ ಪದ್ಧತಿಗಳನ್ನು 1847ರ ಜಂಟಿ ವರದಿ ಒಂದುಗೂಡಿಸಿತು.

ಹಾಗೆಂದು ಎಲ್ಲವೂ ನೆಟ್ಟಗಾಯಿತೆನ್ನಬೇಡಿರಿ. ಬೆಳೆ ಬಂದರೂ ಬಾರದಿದ್ದರೂ ಕಟ್ಟಬೇಕಾದ ರೊಕ್ಕದ ಪಟ್ಟಿ 1876-78ರ ಬರಗಾಲದಲ್ಲಿ ಬಡವನಿಗೆ ಉರುಳೇ ಆಯಿತು. ಒಂದು ತಪ್ಪನ್ನು ತಿದ್ದಿದ ಕಟ್ಟಳೆಯೇ ಇನ್ನೊಂದಕ್ಕೆ ಎಡೆಗೊಟ್ಟಿತು.

ಆದರೂ ಒಂದು ಮಾತು ನೆನಪಿಡತಕ್ಕದ್ದು. ಅಂದು ತಪ್ಪು ತಿದ್ದಿದ್ದು ಕಚೇರಿಯ ಮೇಜಿನ ಮೇಲಲ್ಲ, ಹೊಲದಲ್ಲಿ ಸರಪಳಿ ಹಿಡಿದು, ಮಣ್ಣು ಅಗೆದು. ನಿಮ್ಮ ಉತಾರದ ಗುಂಟೆಗೂ ನೆಲದ ಗುಂಟೆಗೂ ತಾಳೆಯಾಗದಿದ್ದರೆ ಸುಮ್ಮನಿರಬೇಡಿರಿ. ಅರ್ಜಿ ಕೊಟ್ಟು, ಅಳೆಯುವವರನ್ನು ಹೊಲಕ್ಕೆ ಕರೆತನ್ನಿರಿ. ಬರೆದದ್ದು ಸರಿಯೋ ಅಲ್ಲವೋ ಎಂಬುದಕ್ಕೆ ಕೊನೆಯ ಸಾಕ್ಷಿ ನೆಲವೇ.