ಎಮ್ಮಿಗನೂರು ಸೀಮೆಯ ನೈಸರ್ಗಿಕ ಸಂಪತ್ತು

ಎಮ್ಮಿಗನೂರು, ಆದವಾನಿ, ಆಲೂರು, ಪತ್ತಿಕೊಂಡಗಳನ್ನು ಒಳಗೊಂಡ ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗ ಆಂಧ್ರಪ್ರದೇಶದ ಕಡುಬರದ ಸೀಮೆಗಳಲ್ಲೊಂದು. 1876–78ರ ಮಹಾ ಬರದಲ್ಲಿ ಇಲ್ಲಿ ಊರೂರೇ ಬರಿದಾದವು. ವಿಚಿತ್ರವೆಂದರೆ ಇದೇ ನೆಲದಲ್ಲಿ ವಜ್ರವಿದೆ, ಚಿನ್ನವಿದೆ, ಹತ್ತಿಗೆ ಹೇಳಿ ಮಾಡಿಸಿದ ಎರೆಮಣ್ಣಿದೆ. ಉತ್ತರದ ಅಂಚಿಗೆ ತುಂಗಭದ್ರೆ ಹರಿಯುತ್ತಾಳೆ. ಆದವಾನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯಕ್ಕೆ ಸೇರುವವರೆಗೂ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಹೀಗಾಗಿ ಆ ಭಾಗದ ನೆಲದ ಬಗೆಗಿನ ಹಳೆಯ ಬರಹಗಳನ್ನು ಬಳ್ಳಾರಿಯ ಹೆಸರಿನಲ್ಲೇ ಹುಡುಕಬೇಕು. ರಾಬರ್ಟ್ ಬ್ರೂಸ್ ಫೂಟ್ 1895ರಲ್ಲಿ ಬರೆದ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನ ಅಂಥ ಮುಖ್ಯ ಗ್ರಂಥ.

1720ರ ದಶಕದಲ್ಲಿ ಬ್ರೆಜಿಲ್‌ನ ವಜ್ರ ಪೇಟೆಗೆ ಬರುವ ಮುಂಚೆ ಜಗತ್ತಿನ ವಜ್ರಗಳಲ್ಲಿ ಬಹುಪಾಲು ಭಾರತದವೇ ಆಗಿದ್ದವು. ವಿಜಯನಗರಕ್ಕೆ ಬಂದ ಪೋರ್ಚುಗೀಸ್ ವ್ಯಾಪಾರಿ ನೂನಿಜ್, ವಜ್ರ ಸಿಗುವ ನಾಡನ್ನು ಆಳುತ್ತಿದ್ದ ಆದಪನಾಯಕನೆಂಬ ಅಧಿಕಾರಿಯ ವಿಷಯ ಬರೆದಿದ್ದಾನೆ: ಅವನು ವರ್ಷಕ್ಕೆ 40,000 ಹೊನ್ನು ಕಪ್ಪ ಕಟ್ಟಬೇಕು, ಮೇಲೆ ಇಪ್ಪತ್ತು ಮಂಜಾಡಿ ತೂಕ ಮೀರಿದ ಪ್ರತಿಯೊಂದು ವಜ್ರವನ್ನೂ ಅರಸನ ಭಂಡಾರಕ್ಕೆ ಒಪ್ಪಿಸಬೇಕು. ಕಲ್ಲು ಸಿಕ್ಕ ನೆಲಕ್ಕೆ ಕಲ್ಲಿನ ಸಿರಿ ದಕ್ಕದೆ ಹೋದದ್ದು ಇಂದು ನಿನ್ನೆಯದಲ್ಲ.

ಈ ಕಲ್ಲುಗಳ ತವರು ದಕ್ಷಿಣಕ್ಕಿರುವ ಅನಂತಪುರ ಜಿಲ್ಲೆಯ ವಜ್ರಕರೂರು ಸುತ್ತಿನ ಕಿಂಬರ್ಲೈಟ್ ಶಿಲೆ. ಸುಮಾರು 110 ಕೋಟಿ ವರ್ಷಗಳ ಹಿಂದೆ, 150 ಕಿಲೋಮೀಟರಿಗೂ ಹೆಚ್ಚು ಆಳದಿಂದ ಉಕ್ಕಿ ಬಂದ ಶಿಲಾರಸ ವಜ್ರಗಳನ್ನು ಮೇಲಕ್ಕೆ ಹೊತ್ತು ತಂದಿತು. ಶಿಲೆ ಸವೆಯಿತು, ಕಲ್ಲುಗಳು ಮಣ್ಣಿನಲ್ಲಿ ಚದುರಿದವು. ಮುಂಗಾರಿನ ಮೊದಲ ಹದಮಳೆ ಬಿದ್ದೊಡನೆ ಪತ್ತಿಕೊಂಡ ಕಡೆಯ ಜೊನ್ನಗಿರಿ, ತುಗ್ಗಲಿ, ಮದ್ದಿಕೆರೆಯ ಹೊಲಗಳಲ್ಲಿ ಜನ ಸಾಲುಗಟ್ಟಿ ಬಗ್ಗಿ ನಡೆಯುವುದನ್ನು ಈಗಲೂ ನೋಡಬಹುದು. ಬಳ್ಳಾರಿ ಕಡೆಯಿಂದಲೂ ಬುತ್ತಿ ಕಟ್ಟಿಕೊಂಡು ಬರುವವರಿದ್ದಾರೆ. ಮಳೆ ಮೇಲ್ಮಣ್ಣನ್ನು ತೊಳೆಯುತ್ತದೆ. ವಜ್ರದ ಮೈಗೆ ನೀರು ಅಂಟುವುದಿಲ್ಲ, ಹಾಗಾಗಿ ಒದ್ದೆ ಮಣ್ಣಿನಲ್ಲಿ ಅದು ಬೇರೆಯಾಗಿ ಮಿನುಗುತ್ತದೆ. ಎತ್ತಿದ ಚೂರನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡುತ್ತಾರೆ. ಹೆಚ್ಚಿನವು ಬರೀ ಬೆಣಚುಕಲ್ಲು. ಸಿಕ್ಕಿದ್ದನ್ನು ಕೊಳ್ಳಲು ಜೊನ್ನಗಿರಿ, ಪೆರವಲಿಯಲ್ಲಿ ವ್ಯಾಪಾರಿಗಳು ಕಾದಿರುತ್ತಾರೆ. ಬಿತ್ತನೆಗೆ ಅಣಿಯಾದ ಹೊಲ ತುಳಿತಕ್ಕೆ ಸಿಗುವ ರೈತನ ಸಂಕಟ ಮಾತ್ರ ಸುದ್ದಿಯಾಗುವುದು ಕಡಿಮೆ.

ಚಿನ್ನದ ಕಥೆ ಇನ್ನೂ ಹಳೆಯದು. ಜೊನ್ನಗಿರಿಯ ಸುತ್ತ ಪ್ರಾಚೀನ ಗಣಿಗುಂಡಿಗಳಿವೆ; ಅಶೋಕನ ದಕ್ಷಿಣ ಪ್ರಾಂತ್ಯದ ರಾಜಧಾನಿ ಸುವರ್ಣಗಿರಿ ಇದೇ ಎಂದು ಕೆಲವು ವಿದ್ವಾಂಸರ ಮತ. ಹತ್ತಿರದ ಎರ್ರಗುಡಿಯ ಬಂಡೆಗಳ ಮೇಲೆ ಅಶೋಕನ ಹಿರಿಯ, ಕಿರಿಯ ಶಾಸನಗಳೆರಡೂ ಇವೆ. ಕಿರಿಯ ಶಾಸನದ ಕೆಲವು ಸಾಲುಗಳನ್ನು ಬಲದಿಂದ ಎಡಕ್ಕೆ ಕೆತ್ತಲಾಗಿದ್ದು, ಬ್ರಾಹ್ಮಿಯಲ್ಲಿ ಇದು ತೀರ ಅಪರೂಪ. 1920ರ ದಶಕದ ಕೊನೆಗೆ ಇವನ್ನು ಲೋಕಕ್ಕೆ ತೋರಿಸಿದವರು ಪುರಾತತ್ತ್ವಜ್ಞರಲ್ಲ, ಅನು ಘೋಷ್ ಎಂಬ ಭೂವಿಜ್ಞಾನಿ. ಜೊನ್ನಗಿರಿಯಲ್ಲಿ ಈಗ ಬೆಂಗಳೂರಿನ ಜಿಯೋಮೈಸೂರು ಕಂಪನಿಯ ತೆರೆದ ಗಣಿಯಿದೆ.

ಇಷ್ಟಾದರೂ ಜನರ ಹೊಟ್ಟೆ ತುಂಬಿಸಿದ್ದು ಎರೆಮಣ್ಣು. ಮಳೆಯ ನೀರನ್ನು ಬಹುಕಾಲ ಹಿಡಿದಿಡುವ ಈ ಕಪ್ಪು ನೆಲದಿಂದಲೇ ಆದವಾನಿ ದೊಡ್ಡ ಹತ್ತಿ ಪೇಟೆಯಾಯಿತು. ಎಮ್ಮಿಗನೂರಿನ ಹೆಸರು ಬೆಳೆದದ್ದು ನೂಲಿನಿಂದ. ಮಾಚಾನಿ ಸೋಮಪ್ಪನವರು 1938ರಲ್ಲಿ ಇಲ್ಲಿ ನೇಕಾರರ ಸಹಕಾರ ಸಂಘ ಕಟ್ಟಿದರು. 1954ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಈ ಸೀಮೆಯ ಸಂಪತ್ತಿನ ಚರಿತ್ರೆಯಲ್ಲಿ ಯಾವ ವಜ್ರಕ್ಕಿಂತಲೂ ಆ ಸಂಘಕ್ಕೆ ಹಿರಿಯ ಸ್ಥಾನ ಸಲ್ಲಬೇಕು, ಏಕೆಂದರೆ ಅದರ ಫಲ ಊರಿನ ಮನೆಗಳಲ್ಲೇ ಉಳಿಯಿತು.

ನೀರು ಬಂದದ್ದು ತಡವಾಗಿ. ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟು 1953ರಲ್ಲಿ ಸಿದ್ಧವಾದ ಮೇಲೆ ಅದರ ಕೆಳಮಟ್ಟದ ಕಾಲುವೆ ಬಳ್ಳಾರಿ ಸೀಮೆಯನ್ನು ದಾಟಿ ಆದವಾನಿ, ಎಮ್ಮಿಗನೂರುಗಳತ್ತ ಬಂತು. ಕರ್ನೂಲು ಜಿಲ್ಲೆಯಲ್ಲಿ ಇದರ ಅಚ್ಚುಕಟ್ಟು ಸುಮಾರು ಒಂದೂವರೆ ಲಕ್ಷ ಎಕರೆ. ಕಾಲುವೆ ತಲುಪದ ಆದವಾನಿ, ಕೋಸಗಿ, ಮಂತ್ರಾಲಯ ಭಾಗದ ಮಳೆಯಾಶ್ರಿತ ಹಳ್ಳಿಗಳಿಂದ ಸಾವಿರಾರು ಕುಟುಂಬಗಳು ಇಂದಿಗೂ ಹತ್ತಿ, ಮೆಣಸಿನಕಾಯಿ ಬಿಡಿಸುವ ಕೂಲಿಗೆ ಗುಂಟೂರಿನತ್ತ ಗುಳೆ ಹೋಗುತ್ತವೆ.