ಕಾವಲಿನ ಸಾಕ್ಷ್ಯ: ಮಹಜರಿನಿಂದ ಕ್ಯಾಮರಾದವರೆಗೆ

ಅರ್ಕಾವತಿಯ ತೀರದ ರಾಮನಗರವು ಹುಟ್ಟಿದುದೇ ಕಾವಲಿನ ಅಗತ್ಯದಿಂದ. ಕಾಡುಮೇಡುಗಳ ನಡುವೆ ಹಾದುಹೋಗುತ್ತಿದ್ದ ಹೆದ್ದಾರಿಯನ್ನು ನಿರ್ಭಯವಾಗಿಸಲು ದಿವಾನ್ ಪೂರ್ಣಯ್ಯನವರು ಕ್ರಿ. ಶ. ೧೮೦೦ರಲ್ಲಿ ಈ ಪೇಟೆಯನ್ನು ಕಟ್ಟಿಸಿ, ರೆಸಿಡೆಂಟರಾದ ಸರ್ ಬ್ಯಾರಿ ಕ್ಲೋಸರ ಹೆಸರಿನಿಂದ ಅದನ್ನು ಕ್ಲೋಸ್‌ಪೇಟೆ ಎಂದು ಕರೆದರು. ಆ ಕಾಲದಲ್ಲಿ ಊರನ್ನು ಕಾಯುತ್ತಿದ್ದವರು ತಳವಾರರು, ತೋಟಿಗಳು. ಸರ್ಕಾರದ ಪಕ್ಷದಿಂದ ಕಂದಾಚಾರದ ಸಿಪಾಯಿಗಳು.

ಕಾಯುವವನನ್ನು ಕಾಯುವವರು ಯಾರು? ಈ ಪ್ರಶ್ನೆಗೆ ಕಾನೂನು ಕಾಲಕಾಲಕ್ಕೆ ಬೇರೆಬೇರೆ ಉತ್ತರಗಳನ್ನು ಕೊಟ್ಟಿದೆ. ಬ್ರಿಟಿಷ್ ಇಂಡಿಯದ ೧೮೭೨ರ ಸಾಕ್ಷ್ಯಶಾಸನವು ಪೋಲೀಸ್ ಅಧಿಕಾರಿಯೆದುರು ಆದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸಕೂಡದೆಂದು ವಿಧಿಸಿತು. ಮನೆಯ ಶೋಧನೆ ನಡೆಯುವಾಗ ಅದೇ ಪ್ರದೇಶದ ಇಬ್ಬರಾದರೂ ಗೌರವಸ್ಥರು ಹಾಜರಿರಬೇಕೆಂದು ೧೮೯೮ರ ದಂಡಪ್ರಕ್ರಿಯಾ ಸಂಹಿತೆಯೂ, ಅದರ ತರುವಾಯ ೧೯೭೩ರ ಸಂಹಿತೆಯೂ ಹೇಳಿದುವು. ಪಂಚರ ರುಜುವುಳ್ಳ ಮಹಜರು ಹೀಗೆ ಠಾಣೆಯ ಮಾತಿಗೆ ಊರಿನ ಒತ್ತಾಸೆಯಾಯಿತು. ಆದರೆ ಪಂಚನು ಠಾಣೆಗೆ ಅಂಜುವವನಾದರೆ ಅವನ ರುಜುವಿಗೆ ಬೆಲೆಯೇನು?

ಈ ಕೊರತೆಯನ್ನು ತುಂಬಲು ಯಂತ್ರವು ಬಂದಿತು. ೨೦೨೦ನೆಯ ಡಿಸೆಂಬರ್ ೨ರಂದು ಸರ್ವೋಚ್ಚ ನ್ಯಾಯಾಲಯವು ಪ್ರತಿಯೊಂದು ಠಾಣೆಯಲ್ಲಿಯೂ ಕ್ಯಾಮರಾಗಳಿರಬೇಕೆಂದು ಆಜ್ಞಾಪಿಸಿತು. ೨೦೨೪ನೆಯ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೧೦೫ನೆಯ ವಿಧಿಯ ಪ್ರಕಾರ ಶೋಧನೆಯನ್ನೂ, ಜಪ್ತಿಯನ್ನೂ, ಸಾಕ್ಷಿಗಳು ಪಟ್ಟಿಗೆ ರುಜು ಹಾಕುವುದನ್ನೂ ದೃಶ್ಯಧ್ವನಿಗಳಲ್ಲಿ ದಾಖಲಿಸತಕ್ಕದ್ದು. ಯಂತ್ರವು ಪಂಚರನ್ನು ಹೊರಗಿಡಲಿಲ್ಲ, ಪಂಚರಿಗೂ ಸಾಕ್ಷಿಯಾಯಿತು.

ಪೋಲೀಸರು ಮೈಮೇಲೆ ಧರಿಸುವ ಕ್ಯಾಮರಾ ಇದರ ಮುಂದಿನ ಮೆಟ್ಟಲು. ಅಮೆರಿಕದಲ್ಲಿ ೨೦೧೬ರಲ್ಲಿ ನಡೆದ ಸರ್ಕಾರಿ ಸಮೀಕ್ಷೆಯಲ್ಲಿ ಸಾಮಾನ್ಯ ಪೋಲೀಸ್ ಸಂಸ್ಥೆಗಳ ಪೈಕಿ ಶೇಕಡ ೪೭ರಷ್ಟು ಅವನ್ನು ಪಡೆದಿದ್ದುವೆಂದು ತಿಳಿದುಬಂದಿತು. ಕ್ಯಾಲಿಫೋರ್ನಿಯದ ರಿಯಾಲ್ಟೊ ಪಟ್ಟಣದಲ್ಲಿ ೨೦೧೨ರಲ್ಲಿ ಮೊದಲಾದ ಪ್ರಯೋಗವು ಬಲಪ್ರಯೋಗವೂ ದೂರುಗಳೂ ತಗ್ಗಿದುವೆಂದು ತೋರಿಸಿತು. ಆದರೆ ವಾಷಿಂಗ್ಟನ್ ನಗರದಲ್ಲಿ ಎರಡು ಸಾವಿರಕ್ಕೂ ಮಿಕ್ಕಿದ ಪೋಲೀಸರನ್ನೊಳಗೊಂಡು ೨೦೧೭ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಗಣನೀಯವಾದ ವ್ಯತ್ಯಾಸವೇನೂ ಕಾಣಲಿಲ್ಲ. ಪಡೆಯುವುದು ಬೇರೆ, ಬಳಸುವುದು ಬೇರೆ ಎಂಬುದು ಇದರಿಂದ ವಿದಿತವಾಗುತ್ತದೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳು ೨೦೦೭ರಲ್ಲಿ ಪ್ರತ್ಯೇಕ ಜಿಲ್ಲೆಯಾಗಿ, ೨೦೨೫ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂಬ ಹೆಸರಾಯಿತು. ಇಲ್ಲಿನ ಠಾಣೆಗಳನ್ನು ವಿಚಾರಿಸುವವರು ಕ್ಯಾಮರಾಗಳೆಷ್ಟೆಂದು ಎಣಿಸಿದರೆ ಸಾಲದು. ಅದನ್ನು ಚಾಲನೆಗೊಳಿಸುವವರಾರು, ಚಿತ್ರವನ್ನು ಎಷ್ಟು ದಿನ ಇಡುತ್ತಾರೆ, ಅದರಲ್ಲಿ ಕಾಣಿಸಿಕೊಂಡ ರೈತನಿಗೆ ಅದನ್ನು ನೋಡುವ ಅವಕಾಶವುಂಟೆ ಎಂದು ಕೇಳಬೇಕು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರು ೨೦೧೭ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಎತ್ತಿಹಿಡಿದುದೂ ಇಲ್ಲಿ ಸ್ಮರಣೀಯ. ದಾಖಲೆಯು ಠಾಣೆಯ ಕೈಯಲ್ಲಿ ಮಾತ್ರ ಉಳಿಯುವುದಾದರೆ ಅದು ಠಾಣೆಯ ಮಾತೇ ಹೊರತು ಸಾಕ್ಷ್ಯವಲ್ಲ.